ತಾನಾಗಿ ಸಾಯದ ಕುದುರೆ

ಅಟ್‌ಬಾಶಿ,
ಮಾರ್ಚ್ 11, 2009

ಮಗಳು ಜಿಪಾರಳಿಗೆ ತಾಯಿ ಬಾತ್ಮಾ ಮಾಡುವ ಆಶೀರ್ವಾದ.

ನಾನು ಕ್ಷೇಮ. ನೀನು, ನಿನ್ನ ಗಂಡ ತಿಲೆಕ್, ಮಗು, ಅತ್ತೆ ಮಾವ, ಅವರ ಕುರಿ ಕುದುರೆ ಎಲ್ಲ ಕ್ಷೇಮವೆಂದು ನಂಬಿದ್ದೇನೆ. ಕುರಿ ಕುದುರೆಯನ್ನು ಕೇಳದಿದ್ದರೆ ನಿನ್ನ ಮಾವನವರಿಗೆ ಸಿಟ್ಟು ಬರುತ್ತದೆ, ಅದಕ್ಕೇ ಸೇರಿಸಿದ್ದೇನೆ. ಉತ್ತರ ತಡವಾಯಿತು, ಬೇಸರ ಮಾಡಿಕೊಳ್ಳಬೇಡ. ದೋಲೋನ್ ಕಣಿವೆಯಲ್ಲಿ ಹಿಮ ಬಿದ್ದು ದಾರಿ ಮುಚ್ಚಿತ್ತು ಎಂದು ಬರೆಯಬಹುದಿತ್ತು. ಮುಚ್ಚಿದ್ದು ನಿಜ, ಆಮೇಲೆ ತೆರೆದದ್ದೂ ನಿಜ. ಆದರೆ ಬರೆಯಲು ಕೂತಾಗಲೆಲ್ಲ ಕೈಗಿಂತ ಮೊದಲು ಬಾಯಿ ಶುರುವಾಗುತ್ತಿತ್ತು. ಪಕ್ಕದ ಟೋಪಿ ಅಂಗಡಿಯ ಕಲಿಪಾ ಗೋಡೆಯಾಚೆಯಿಂದ, "ಯಾರ ಜೊತೆ ಜಗಳ ಬಾತ್ಮಕ್ಕಾ?" ಎಂದು ಕೂಗಿದಳು.

"ಮಗಳ ಜೊತೆ!"

"ಅವಳು ಕೊಚ್ಕೋರ್‌ನಲ್ಲಿದಾಳಲ್ಲ!"

"ಅದಕ್ಕೇ ಜೋರಾಗಿ ಕೂಗ್ತಿರೋದು!"

ಫೋನು ಮಾಡಿದರೆ ನೀನು ಎತ್ತುವುದಿಲ್ಲ. ಹೇಳಬೇಕಾದ್ದನ್ನು ನೀನೂ ಕಾಗದದಲ್ಲೇ ಬರೆದು ವ್ಯಾನಿನ ಡ್ರೈವರನ ಕೈಯಲ್ಲಿ ಕಳಿಸಿದ್ದೆ. ಸರಿ, ನನ್ನದೂ ಕಾಗದವೇ. ಏನು ಬರೆದಿದ್ದೆ? "ಅಮ್ಮಾ, ಮಗುವನ್ನು ತೊಟ್ಟಿಲಿಗೆ ಹಾಕೋ ದಿನ ನೀನು ಬರಬೇಕಾದ್ರೆ ಮೊದಲು ಆ ಇನ್ಶೂರೆನ್ಸ್ ಅಂಗಡಿ ಮುಚ್ಚು, ಬೋರ್ಡು ಇಳಿಸು. ಸಾವು ಮಾರೋಳ ಕೈ ಹಸುಗೂಸಿಗೆ ತಾಗಬಾರದು ಅಂತ ಇಲ್ಲಿ ಎಲ್ಲರೂ ಹೇಳ್ತಾರೆ. ಮುಚ್ಚಲ್ಲ ಅಂದ್ರೆ ಬರಬೇಡ. ತಪ್ಪು ತಿಳ್ಕೋಬೇಡ." ತಪ್ಪು ತಿಳಿಯದೆ ಇನ್ನೇನು ತಿಳಿಯಲಿ, ಹೇಳು? ತೊಟ್ಟಿಲು ಮಾತ್ರ ತವರಿನಿಂದಲೇ ಬರಬೇಕು, ಅದನ್ನು ಕೊಡುವವಳು ಬರಬಾರದು. ತೊಟ್ಟಿಲನ್ನು ಕಂಬಳಿಯಲ್ಲಿ ಸುತ್ತಿ ಅದೇ ವ್ಯಾನಿನ ಮೇಲೆ ಕಟ್ಟಿಸಿ ಕಳಿಸಿದೆ. ನಾನು ಇಲ್ಲೇ ಉಳಿದೆ. ಆ ದಿನವೂ ಅಂಗಡಿಯ ಬಾಗಿಲು ತೆರೆದಿದ್ದೆ. ಹಟಕ್ಕೆ ತೆರೆದಳು ಅಂತಲೇ ತಿಳಿದುಕೋ.

ಈಗ ಉತ್ತರ ಕೇಳು. ಮುಚ್ಚುವುದಿಲ್ಲ. ಇದನ್ನು ನಿನ್ನ ಮನೆಯವರಿಗೂ ಓದಿ ಹೇಳು. ನಿನ್ನ ಅತ್ತೆ ಉಮ್ಸುನಾಯ್‌ಗೆ ಕಿವಿ ಸ್ವಲ್ಪ ಮಂದ, ಗಟ್ಟಿಯಾಗಿ ಓದು.

ಈ ಅಂಗಡಿ ಯಾಕೆ ಹುಟ್ಟಿತು ಎಂದು ಅವರಿಗೆ ಗೊತ್ತಿಲ್ಲದಿರಬಹುದು, ನಿನಗೆ ಗೊತ್ತು. ನಿನ್ನಪ್ಪನ ಲಾರಿ ದೋಲೋನ್‌ನಲ್ಲಿ ಉರುಳಿದಾಗ ನೀನು ಇನ್ನೂ ಎರಡು ಜಡೆಯ ಹುಡುಗಿ. ಊರಿಗೆ ಊರೇ ಬಂದು ಅತ್ತಿತು. ನಿನ್ನ ದೊಡ್ಡಪ್ಪ ಚಿಕ್ಕಪ್ಪಂದಿರು ಮರ್ಯಾದೆ ಹೋಗಬಾರದು ಎಂದು ಸಾವಿನ ಊಟಕ್ಕೆ ನಮ್ಮ ಕುದುರೆ ಕಡಿಸಿದರು. ಆಮೇಲೆ ಹಸು, ಆಮೇಲೆ ಕುರಿಗಳು. ಬಂದವರು ಕೊಟ್ಟ ಕಾಣಿಕೆಯೆಲ್ಲ ಬಂದವರ ಹೊಟ್ಟೆಗೇ ಹೋಯಿತು. ನಲವತ್ತನೆಯ ದಿನದ ಊಟ ಮುಗಿಸಿ, ಬಾಯಿ ಒರೆಸಿಕೊಂಡು ಎಲ್ಲರೂ ಹೊರಟ ಮೇಲೆ ಹಟ್ಟಿಯಲ್ಲಿ ಉಳಿದದ್ದು ನಾನು, ನೀನು ಮತ್ತು ಖಾಲಿ ಗೂಟಗಳು. ನನಗೆ ಅಳು ಬರಲಿಲ್ಲ, ಮೈಯೆಲ್ಲ ಉರಿಯಿತು. ಸತ್ತವನಿಗೆ ಇಷ್ಟು ಮರ್ಯಾದೆ ಮಾಡುವ ಊರು ಬದುಕಿದವರ ಒಲೆಯಲ್ಲಿ ಬೆಂಕಿಯಿದೆಯೇ ಎಂದು ಬಗ್ಗಿ ನೋಡಲಿಲ್ಲ. ಶಾಲೆಯಲ್ಲಿ ಲೆಕ್ಕ ಹೇಳಿಕೊಡುತ್ತ ಕೆಲವು ವರ್ಷ ತಳ್ಳಿದೆ. ಆಮೇಲೆ ರಾಜಧಾನಿ ಬಿಷ್ಕೆಕ್‌ನ ಒಂದು ವಿಮಾ ಕಂಪನಿಯ ಏಜೆನ್ಸಿ ಹಿಡಿದು, ಸಂತೆಬೀದಿಯಲ್ಲಿ ನೀಲಿ ಬೋರ್ಡು ಹಾಕಿದೆ. ಅದಕ್ಕೂ ನಿನ್ನ ದೊಡ್ಡಪ್ಪ, "ವಿಧವೆ ಹೆಂಗಸು ಮನೇಲಿ ಕೂತು ಉಣ್ಣೆ ನೂಲೋದು ಬಿಟ್ಟು ಇದೇನು ದರಿದ್ರ ವ್ಯಾಪಾರ?" ಎಂದರು. ಉಣ್ಣೆ ಎಲ್ಲಿಂದ ಬರಬೇಕಿತ್ತು, ಕುರಿಗಳನ್ನೆಲ್ಲ ತಿಂದು ಮುಗಿಸಿದವರೇ ಹೇಳಬೇಕು.

ಭಾನುವಾರದ ದನದ ಸಂತೆಯಲ್ಲಿ ಉಪ್ಪು ಮಾರುವವನ ಪಕ್ಕ ಮೇಜು ಹಾಕಿ ಕೂತರೆ ಜನ ಸುತ್ತು ಬಳಸಿ ಹೋಗುತ್ತಿದ್ದರು. "ನಿಮ್ಮ ಕುದುರೆ ಸತ್ತರೆ" ಎಂದು ಬಾಯಿ ತೆರೆದರೆ ಸಾಕು, ಮುದುಕರು ನೆಲಕ್ಕೆ ಉಗಿದು, "ಬಿಡ್ತು ಅನ್ನೇ, ಬಿಡ್ತು ಅನ್ನು! ಬೆಳಬೆಳಗ್ಗೆ ಏನು ಬಾಯಿ ನಿಂದು!" ಎಂದು ಬೈಯುತ್ತಿದ್ದರು. ಒಮ್ಮೆ ಒಬ್ಬ ಕುಡುಕ ಬಂದು ಮೇಜಿಗೆ ಒರಗಿದ. "ನಮ್ಮತ್ತೆಗೆ ಮಾಡಿಸ್ತೀನಿ ಕಣಕ್ಕಾ. ದುಡ್ಡು ಬೇಗ ಬರುತ್ತಾ?"

"ನಿಮ್ಮತ್ತೆ ಆಗಲೇ ಬಂದು ಹೋದ್ರಪ್ಪ. ಅಳಿಯಂಗೆ ಮಾಡಿಸ್ಬೇಕು, ದುಡ್ಡು ಬೇಗ ಬರುತ್ತಾ ಅಂತ ಅವರೂ ಕೇಳಿದ್ರು" ಎಂದೆ.

ಸಂತೆಯೇ ನಕ್ಕಿತು. ನಕ್ಕವರು ಮೇಜಿನ ಹತ್ತಿರ ಬಂದರು. ನಾನೂ "ಸತ್ತರೆ" ಎನ್ನುವುದನ್ನು ಬಿಟ್ಟು "ಅಪ್ಪಿತಪ್ಪಿ ಏನಾದರೂ ಆದರೆ" ಎನ್ನುವುದನ್ನು ಕಲಿತೆ. ತೋಳ ಹರಿದ ಕುರಿಗೆ, ಸಿಡಿಲು ಬಡಿದ ಹಸುವಿಗೆ ದುಡ್ಡು ಬಂದದ್ದನ್ನು ಜನ ಕಣ್ಣಾರೆ ಕಂಡರು. ಕತ್ತಲಾದ ಮೇಲೆ ಒಬ್ಬೊಬ್ಬರೇ ಬಂದು, ತೆರೆದ ಬಾಗಿಲನ್ನು ತಾವೇ ಮುಚ್ಚಿಕೊಂಡು ಹೆಸರು ಬರೆಸಿದರು. ಹಗಲು ಎದುರಿಗೆ ಸಿಕ್ಕರೆ ಮಾತ್ರ ನನ್ನ ಗುರುತೇ ಇಲ್ಲದವರ ಹಾಗೆ ಟೋಪಿ ಸರಿಮಾಡಿಕೊಂಡು ಹೋಗುತ್ತಿದ್ದರು. ಮದುವೆ ಮನೆಗಳಲ್ಲಿ ಇವತ್ತಿಗೂ ನನ್ನನ್ನು ಬಾಗಿಲ ಹತ್ತಿರವೇ ಕೂರಿಸುತ್ತಾರೆ. ನೀನು ನಾರಿನ್‌ನಲ್ಲಿ ಹಾಸ್ಟೆಲಿನಲ್ಲಿದ್ದು ಓದಿದ್ದು, ನಿನ್ನ ಜೊತೆ ಕೊಚ್ಕೋರ್‌ಗೆ ಬಂದ ಹಾಸಿಗೆ, ಜಮಖಾನ, ಪೆಟ್ಟಿಗೆ, ಎಲ್ಲ ಆ ಬಾಗಿಲ ಹತ್ತಿರ ಕೂತವಳ ದುಡಿಮೆ. ನಿನ್ನ ಅತ್ತೆ ಆ ಜಮಖಾನದ ಮೇಲೆ ಕೂತಾಗ ಯಾವ ಅಪಶಕುನವೂ ಚುಚ್ಚುವುದಿಲ್ಲವೇನೋ.

ಇನ್ನು ಆ ಕುದುರೆಯ ವಿಷಯ. ಅದನ್ನು ನಾನೇ ಬರೆಯುತ್ತೇನೆ, ಯಾಕೆಂದರೆ ಅವರು ನಿನಗೆ ಅರ್ಧವನ್ನಷ್ಟೇ ಹೇಳಿರುತ್ತಾರೆ. ನಿನ್ನ ಮಾವ ಶಾರ್ಶೆನ್ ಬೀಗತನದ ದಾಕ್ಷಿಣ್ಯಕ್ಕೆ ತಮ್ಮ ಬೂದು ಕುದುರೆಗೆ ನನ್ನ ಹತ್ತಿರ ವಿಮೆ ಮಾಡಿಸಿದರು. ಹೋದ ಶರತ್ಕಾಲದಲ್ಲಿ ಮೇಲಿನ ಹುಲ್ಲುಗಾವಲಿನಿಂದ ಇಳಿಯುವಾಗ ಅದು ಜಾರಿ ಕೊರಕಲಿಗೆ ಬಿದ್ದು ಬೆನ್ನು ಮುರಿದುಕೊಂಡಿತು. ಆಗ ಅವರು ಮಾಡಿದ್ದು ನಮ್ಮಲ್ಲಿ ಯಾರಾದರೂ ಮಾಡುವುದನ್ನೇ. ಇನ್ನೂ ಉಸಿರಿರುವಾಗಲೇ ಬಿಸ್ಮಿಲ್ಲಾ ಹೇಳಿ ಕತ್ತು ಕುಯ್ದರು. ತಾನಾಗಿ ಸಾಯಲು ಬಿಟ್ಟರೆ ಮಾಂಸ ಹರಾಮು, ನಾಯಿಗೆ ಹಾಕಬೇಕು. ಅಂಥ ಮನೆಯ ಯಜಮಾನನನ್ನು ಊರು ಗಂಡಸು ಎನ್ನುವುದಿಲ್ಲ.

ಕಂಪನಿಯಿಂದ ಉತ್ತರ ಬಂತು: ಕುದುರೆ ಸತ್ತಿಲ್ಲ, ಯಜಮಾನರೇ ಕೊಂದಿದ್ದಾರೆ, ಕೊಂದದ್ದಕ್ಕೆ ಪರಿಹಾರವಿಲ್ಲ. ಪಾಲಿಸಿಯಲ್ಲಿ "ಪ್ರಾಣಿ ಸತ್ತಲ್ಲಿ" ಎಂದು ಅಚ್ಚಾಗಿತ್ತು, ನಾನೂ ಓದಿದ್ದೆ. ತೋಳ, ಸಿಡಿಲುಗಳ ಎದುರು ಚಾಕು ತೆಗೆಯಲು ಯಾರಿಗೂ ಪುರುಸೊತ್ತಿರುವುದಿಲ್ಲ, ಅದಕ್ಕೇ ಅಲ್ಲಿಯವರೆಗೆ ಈ ತಕರಾರು ಎದ್ದಿರಲಿಲ್ಲ. ಸಾಯುತ್ತಿರುವ ಕುದುರೆಯನ್ನು ಕೈಕಟ್ಟಿಕೊಂಡು ನೋಡುತ್ತ ನಿಲ್ಲುವ ಜನ ಭೂಮಿಯ ಮೇಲೆ ಇದ್ದಾರೆ, ಅವರೇ ಪಾಲಿಸಿ ಬರೆಯುತ್ತಾರೆ ಎಂದು ನನಗೇನು ಕನಸು ಬಿದ್ದಿತ್ತೇ? ನಿನ್ನ ಅತ್ತೆ ಫೋನಿನಲ್ಲಿ ಕಿರುಚಿದ್ದು ಇನ್ನೂ ಕಿವಿಯಲ್ಲಿದೆ. "ಬೀಗಿತ್ತಿ ಅಂತ ನಂಬಿದ್ವಿ, ನಮಗೇ ಟೋಪಿ ಹಾಕಿದ್ರಲ್ಲ!" ನಾನು ಬಾಯಿ ಮುಚ್ಚಿಕೊಂಡು ಕೇಳಿದೆ. ನನ್ನ ಜನ್ಮದಲ್ಲಿ ನಾನು ಬಾಯಿ ಮುಚ್ಚಿಕೊಂಡದ್ದು ಅದೊಂದೇ ಸಲ, ಅದೂ ನೀನು ಆ ಮನೆಯಲ್ಲಿ ಬಸುರಿಯಾಗಿ ಕೂತಿದ್ದೆ ಎಂಬ ಕಾರಣಕ್ಕೆ.

ಮಾರನೆಯ ದಿನವೇ ಬಿಷ್ಕೆಕ್‌ಗೆ ಹೊರಟೆ. ಕಂಪನಿಯಲ್ಲಿ ಕ್ಲೈಮು ನೋಡುವವನು ಎರ್ಮೆಕ್ ಎಂಬ ಎಳೆಯ ಅಧಿಕಾರಿ, ಹುಟ್ಟಿದಾಗಿನಿಂದ ಟೈ ಕಟ್ಟಿಕೊಂಡವನ ಹಾಗೆ ಕೂತಿದ್ದ. "ಏನ್ ಮಾಡೋಕಾಗುತ್ತಮ್ಮಾ, ರೂಲ್ಸ್ ಪ್ರಕಾರ ಅದು ತಾನಾಗೇ ಸಾಯಬೇಕಿತ್ತು" ಎಂದ. ನಾನು ವಾದ ಮಾಡಲಿಲ್ಲ. ಚೀಲದಿಂದ ಕರುಳಿಗೆ ಕುದುರೆ ಮಾಂಸ ತುಂಬಿ ಮನೆಯಲ್ಲೇ ಮಾಡಿದ ಕಾಜಿ ತೆಗೆದು, ಅವನ ಮೇಜಿನ ಮೇಲೆಯೇ ಹೆಚ್ಚಿದೆ.

"ಮೊದಲು ತಿನ್ನು ಮಗಾ. ಅಷ್ಟು ದೂರದಿಂದ ತಂದಿದೀನಿ."

ತಿಂದ. ಚಪ್ಪರಿಸಿದ. ಇನ್ನೊಂದು ಚೂರಿಗೆ ಕೈ ಹಾಕುತ್ತ, "ಚೆನ್ನಾಗಿದೆಯಮ್ಮಾ, ಮನೇದಾ?" ಎಂದ.

"ಹೂಂ ಕಣಪ್ಪ. ತಾನಾಗೇ ಸತ್ತ ಕುದುರೇದು. ನಿಮ್ಮ ರೂಲ್ಸ್ ಪ್ರಕಾರ."

ಬಾಯಲ್ಲಿದ್ದದ್ದನ್ನು ಕಸದ ಬುಟ್ಟಿಗೆ ಉಗಿದ. "ಥೂ! ಹರಾಮು ತಿನ್ನಿಸಿದ್ರಾ? ತಲೆ ಕೆಟ್ಟಿದೆಯಾ ನಿಮಗೆ?" ಎನ್ನುತ್ತ ನಲ್ಲಿ ಹುಡುಕಿಕೊಂಡು ಓಡಿದ. ಅವನು ಬಾಯಿ ತೊಳೆದು, ಟೈ ನೆನೆಸಿಕೊಂಡು ಬರುವ ತನಕ ನಾನು ಕದಲಲಿಲ್ಲ. "ಸುಳ್ಳು ಹೇಳಿದೆ. ಹಲಾಲಾಗಿ ಕುಯ್ದದ್ದೇ" ಎಂದೆ. "ನಿನ್ನ ಬಾಯಿಗೆ ಸೇರದ್ದನ್ನ ನಮ್ಮ ಜನ ಹೆಂಡತಿ ಮಕ್ಕಳಿಗೆ ತಿನ್ನಿಸ್ಬೇಕಾ? ಈಗ ಅದನ್ನೇ ಬರಿ, ನಿನ್ನ ರೂಲ್ಸಿನಲ್ಲಿ."

ಅವನು ನನ್ನನ್ನು ಮೇಲಿನವರ ಹತ್ತಿರ ಕರೆದೊಯ್ದ. ಅಲ್ಲೂ ಕಿತ್ತಾಡಿದೆ. ಕಡೆಗೆ, ಬದುಕುವ ಭರವಸೆ ಇಲ್ಲದ ಪ್ರಾಣಿಯನ್ನು ಸಾಕ್ಷಿಗಳ ಎದುರು ಕುಯ್ದರೆ ಅದೂ ಸತ್ತ ಲೆಕ್ಕವೇ ಎಂದು ಬರೆದು ಸಹಿ ಹಾಕಿದರು. ಇವತ್ತು ನಮ್ಮ ಇಡೀ ಜಿಲ್ಲೆಯ ಪಾಲಿಸಿಗಳಲ್ಲಿ ಆ ಮಾತಿದೆ. ನಿನ್ನ ಮಾವನಿಗೆ ದುಡ್ಡು ಬಂತು, ಹೊಸ ಕುದುರೆಯೂ ಬಂತು. ಒಂದು ಫೋನು ಮಾತ್ರ ಬರಲಿಲ್ಲ.

ಬಂದದ್ದು ನಿನ್ನ ಕಾಗದ. ಮೊದಲು ಬಾತ್ಮಾ ಮೋಸಗಾತಿ. ದುಡ್ಡು ಕೈಸೇರಿದ ಮೇಲೆ ಮೋಸಗಾತಿ ಎನ್ನಲು ಬರುವುದಿಲ್ಲವಲ್ಲ, ಅದಕ್ಕೆ ಬಾತ್ಮಾ ಅಪಶಕುನ. ಅವಳು ಹೆಸರು ಬರೆದುಕೊಂಡಳು, ಕುದುರೆ ಬಿತ್ತು. ಹೊಸ ಕುದುರೆಯ ಬೆನ್ನ ಮೇಲೆ ಕೂತುಕೊಂಡೇ ಈ ಮಾತು! ನನ್ನ ಕೈಯಿಂದ ಬಂದ ದುಡ್ಡು ಅವರಿಗೆ ಆಗುತ್ತದೆ, ನನ್ನ ಕೈ ಆಗುವುದಿಲ್ಲ. ಇಂಥ ನಾಚಿಕೆಗೆಟ್ಟ ಜನರ ಮನೆಗೆ ನಿನ್ನನ್ನು ಕೊಟ್ಟೆನಲ್ಲ ಎಂದು ತಲೆ ಚಚ್ಚಿಕೊಳ್ಳಬೇಕು ಅನ್ನಿಸುತ್ತದೆ. ಉಮ್ಸುನಾಯ್‌ಗೆ ಹೇಳು, ಅವರ ಮನೆಯ ಹೊಸ್ತಿಲು ತುಳಿಯಲು ನಾನೇನೂ ಸಾಯುತ್ತಿಲ್ಲ.

ನಿನಗೂ ಒಂದು ಮಾತು. "ಎಲ್ಲರೂ ಹೇಳ್ತಾರೆ" ಎಂದು ಬರೆದೆ. ಅವರು ಹಾಗೆ ಹೇಳಿದಾಗ ನೀನು ಏನು ಹೇಳಿದೆ ಎಂದು ಬರೆದಿಲ್ಲ. ಚಹಾ ಬಗ್ಗಿಸುತ್ತ ತಲೆ ತಗ್ಗಿಸಿ ನಿಂತಿದ್ದೆಯಾ? ಸೊಸೆ ಮಾತಾಡಬಾರದು, ಒಪ್ಪಿದೆ. ಹೊರಗೆ ಬಂದು ಗಂಡನ ಹತ್ತಿರವಾದರೂ, "ನಮ್ಮಮ್ಮ ಅಂಥವಳಲ್ಲ" ಎಂದೆಯಾ?

ಹೋಗಲಿ. ಇಲ್ಲಿ ಹಿಮ ಕರಗಿ ಬೀದಿಯೆಲ್ಲ ಕೆಸರು. ಕಲಿಪಾಳ ಸೊಂಟ ಹಿಡಿದುಕೊಂಡಿದೆ, ಅದಕ್ಕೂ ವಿಮೆ ಇದೆಯಾ ಎಂದು ಪ್ರಾಣ ತಿನ್ನುತ್ತಾಳೆ. ನಿನ್ನ ದೊಡ್ಡಪ್ಪ ತಮ್ಮ ಯಾಕ್‌ಗಳಿಗೆ ಹೆಸರು ಬರೆಸಿ ಹೋದರು, ಹಾಡಹಗಲಲ್ಲೇ. ನೀನು ಬಾಣಂತಿ, ಬೆನ್ನಿಗೆ ಗಾಳಿ ತಾಗಿಸಿಕೊಳ್ಳಬೇಡ. ಕುರಿಬಾಲದ ಕೊಬ್ಬು ಹಾಕಿದ ಸಾರನ್ನು ಬಿಸಿಯಾಗಿಯೇ ಕುಡಿ. ಹಾಲು ಸಾಲದಿದ್ದರೆ ಸುಮ್ಮನೆ ಕೂರಬೇಡ, ಅತ್ತೆಯನ್ನು ಕೇಳು. ಅವಳು ನಾಲ್ಕು ಹೆತ್ತವಳು, ಅಷ್ಟಾದರೂ ಗೊತ್ತಿರುತ್ತದೆ.

ನಿನ್ನ ಮಗನಿಗೆ ದೀರ್ಘಾಯುಸ್ಸು ಬರಲಿ. ಅವನ ತೊಟ್ಟಿಲ ಪಟ್ಟಿ ಗಟ್ಟಿಯಿರಲಿ, ಅದರಲ್ಲಿ ಅವನ ಹಿಂದೆ ತಮ್ಮ ತಂಗಿಯರು ಮಲಗಲಿ. ನಿನ್ನ ಮನೆಯ ಒಲೆ ಆರದಿರಲಿ.

ಇಂತಿ ನಿನ್ನ ತಾಯಿ,
ಬಾತ್ಮಾ

ಇನ್ನೊಂದು ಮಾತು. ಮರೆತದ್ದಲ್ಲ, ಬರೆಯಬಾರದು ಎಂದುಕೊಂಡಿದ್ದೆ.

ಹೋದ ವಾರ ನಿನ್ನ ಮಾವ ಬಂದಿದ್ದರು. ಸಂತೆಯ ಜನರೆಲ್ಲ ನೋಡುತ್ತಿರುವಾಗಲೇ ನನ್ನ ಬೋರ್ಡಿನ ಕಂಬಕ್ಕೆ ಕುದುರೆ ಕಟ್ಟಿ ಒಳಗೆ ಬಂದರು. "ಬೀಗಿತ್ತಿಯವರೇ, ಇದಕ್ಕೂ ಬರೀರಿ. ಅವತ್ತು ನಮ್ಮವಳು ಬಾಯಿಗೆ ಬಂದಂಗೆ ಅಂದುಬಿಟ್ಲು, ಮನಸ್ಸಿಗೆ ಹಚ್ಕೋಬೇಡಿ" ಎಂದರು. ಚಹಾ ಕುಡಿಯುತ್ತ, ಇದ್ದಕ್ಕಿದ್ದಂತೆ ಕೇಳಿದರು. "ಅಲ್ಲಾ, ತೊಟ್ಟಿಲು ಕಳಿಸಿ ನೀವ್ಯಾಕೆ ಬರಲಿಲ್ಲ? ಕ್ಷಮೆ ಕೇಳ್ಬೇಕು ಅಂತ ಉಮ್ಸುನಾಯ್ ನಿಮ್ಮ ಜಾಗಕ್ಕೆ ಯಾರನ್ನೂ ಕೂರಿಸದೆ ಸಂಜೆ ತನಕ ಕಾದಳು. ಅಜ್ಜಿ ಬರದೆ ಮಗೂನ ಮಲಗಿಸೋದು ಹೇಗೆ ಅಂತ ಸೊಸೇನ ಕೇಳಿದ್ರೆ, 'ಅಮ್ಮ ಬರಲ್ಲ, ಅವರಿಗೆ ಅಂಗಡೀನೇ ಹೆಚ್ಚು' ಅಂದ್ಲು."

ಜಿಪಾರ್, ನನ್ನ ಕೈ ಮಗುವಿಗೆ ತಾಗಬಾರದು ಎಂದು ನಿಮ್ಮ ಮನೆಯಲ್ಲಿ ಯಾರೂ ಹೇಳಿರಲಿಲ್ಲ. ಹೇಳಿದವಳು ನೀನೊಬ್ಬಳೇ. ನಾನು ಅವರೆದುರು ನಕ್ಕು, "ಹೌದು, ಕೆಲಸ ಜಾಸ್ತಿ ಇತ್ತು" ಎಂದೆ. ಇಷ್ಟು ಹೊತ್ತು ನಿನ್ನ ಅತ್ತೆ ಮಾವನನ್ನು ಬೈದು ಬರೆದದ್ದು ಯಾಕೆಂದರೆ, ನಿನ್ನನ್ನು ಬೈಯಲು ಕೂತರೆ ಕೈ ಬರಲಿಲ್ಲ. ಈ ಕಾಗದವನ್ನು ಅವರಿಗೆ ಓದಿ ಹೇಳಬೇಡ.

ಏಳುವಾಗ ನಿನ್ನ ಮಾವ ಮಗುವಿನ ಹೆಸರು ಹೇಳಲು ಬಾಯಿ ತೆರೆದರು. "ಬೇಡಿ ಬೀಗರೇ, ಮಗಳು ಬರೀತಾಳೆ" ಎಂದು ತಡೆದೆ. ಊರಿನಲ್ಲಿ ಯಾರಾದರೂ ಹೇಳಿಬಿಟ್ಟಾರೆಂದು ಈ ವಾರವಿಡೀ ಕೊಚ್ಕೋರ್‌ನಿಂದ ಬಂದವರನ್ನು ಮಾತಾಡಿಸಿಲ್ಲ. ಅವನ ಹೆಸರೇನು, ಬರಿ.