ಕುಮುದಾಳನ್ನು ಬೆಳೆಸುವವರು

ಉಡುಮಲೈಪೇಟೆ
೧೨-೨-೧೯೫೮

ಮಗ ಪ್ರಹ್ಲಾದನಿಗೆ ನಿನ್ನ ತಾಯಿಯ ಆಶೀರ್ವಾದ.

ನಿನ್ನ ವಕೀಲರು ಕಳಿಸಿದ ಉಯಿಲಿನ ಕರಡನ್ನು ಓದಿದೆ. ನಿನಗೂ ಭಾಮಾಗೂ ಏನಾದರೂ ಆದರೆ, ದೇವರು ಹಾಗೆ ಮಾಡದಿರಲಿ, ತೆಂಗಿನ ತೋಟ ನೋಡಿಕೊಳ್ಳಲು ನಾನು, ಮಗು ಕುಮುದಾಳನ್ನು ಬೆಳೆಸಲು ಕೋವೈಯಲ್ಲಿರುವ ನಿನ್ನ ಅತ್ತೆ ಪದ್ಮಾಕ್ಷಮ್ಮ ಎಂದಿದೆ. ಯಾರು ನೋಡಿಕೊಂಡರೂ ತೆಂಗು ಕಾಯಿ ಬಿಡುತ್ತದೆ. ಮಗುವಿನ ವಿಷಯ ಹಾಗಲ್ಲ.

ಪದ್ಮಾಕ್ಷಮ್ಮನವರ ಮೇಲೆ ನನಗೆ ಹೊಟ್ಟೆಕಿಚ್ಚಿಲ್ಲ. ಅವರ ಸಾರಿಗೆ ಉಪ್ಪು ಇರುವುದಿಲ್ಲ, ಅಷ್ಟೇ.

ಸಂಕ್ರಾಂತಿಗೆ ನೀವೆಲ್ಲ ಇಲ್ಲಿಗೆ ಬಂದಾಗ ನಾನು ಮಡಿಯುಟ್ಟು ಅಡುಗೆ ಮಾಡುತ್ತಿದ್ದೆ. ಕುಮುದಾ ಸೆರಗು ಹಿಡಿಯಲು ಬಂದಳು. "ದೂರ ನಿಲ್ಲು" ಎಂದೆ.

"ಕೋವೈ ಪಾಟಿ ಮಡೀಲಿದ್ರೂ ಎತ್ಕೋತಾಳೆ. ನಿಂಗೆ ಅಡುಗೇನೇ ಹೆಚ್ಚು, ಪೋ ಅಜ್ಜಿ!" ಎಂದು ಭಾಮಾಳ ಬಳಿ ಓಡಿದಳು. ನೀನು ನಕ್ಕೆ. ಮರುವಾರವೇ ಈ ಕರಡು ಬರೆಸಿದ್ದೀಯೆ.

ಮಡಿ ಬಿಡುವವಳು ನಾನಲ್ಲ. ಆದರೆ ರೇಷ್ಮೆ ತೊಟ್ಟ ಮಗು ಮುಟ್ಟಿದರೆ ಮಡಿ ಕೆಡುವುದಿಲ್ಲ. ನನ್ನ ರೇಷ್ಮೆಯ ಧಾರೆ ಸೀರೆಯನ್ನು ಪೆಟ್ಟಿಗೆಯಿಂದ ತೆಗೆದಿದ್ದೇನೆ. ಕತ್ತರಿಸಿದರೆ ದಿನಕ್ಕೊಂದರಂತೆ ತೊಡುವಷ್ಟು ಲಂಗಗಳಾಗುತ್ತವೆ ಎಂದು ದರ್ಜಿ ಸುಬ್ಬಯ್ಯನ್ ಹೇಳಿದ.

ಉಯಿಲಿಗೆ ಸಹಿ ಹಾಕುವ ಮೊದಲು ಮಗುವನ್ನು ಒಂದು ತಿಂಗಳು ಇಲ್ಲಿ ಬಿಡು. ಆಮೇಲೂ ಅದೇ ಹೆಸರು ಬರೆಸಬೇಕೆನಿಸಿದರೆ ಬರೆಸು, ನಾನು ಬಾಯಿ ತೆರೆಯುವುದಿಲ್ಲ.

ಲಂಗದ ಅಳತೆಯನ್ನು ಭಾಮಾ ತಾನೇ ತೆಗೆದು ಕಳಿಸಲಿ. ಅವಳ ತಾಯಿಯನ್ನು ಕೇಳುವುದು ಬೇಡ.

ಇಂತಿ,
ರುಕ್ಮಿಣಮ್ಮ