ಹದಿನೇಳಕ್ಕೆ ಸಿಕ್ಕಿಬಿದ್ದ ಸಂಖ್ಯೆ

ಮಾರ್ಚ್ 11, ಮಂಗಳವಾರ

ಆ ಮನುಷ್ಯನ ಮುಖ ನೆನೆದರೆ ಈಗಲೂ ಮೈ ಉರಿಯುತ್ತದೆ. ಗಣಿತ ವಿಭಾಗದ ಮುಖ್ಯಸ್ಥನಂತೆ. 31, 331, 3331 ಎಂದು ಎಡಕ್ಕೆ ಒಂದೊಂದೇ ಮೂರು ಸೇರಿಸುತ್ತ ಹೋದರೆ ಬರುವುದೆಲ್ಲ ಅವಿಭಾಜ್ಯ ಸಂಖ್ಯೆಯೇ ಎಂದು ನಂಬಿ ಪರೀಕ್ಷೆಯ ಕೀ ಉತ್ತರ ಬರೆದ. ಮೊದಲ ಏಳು ಹಾಗೆಯೇ ಇವೆ, ನಿಜ. ಪ್ರಶ್ನೆಯಲ್ಲಿ ಅವಿಭಾಜ್ಯವೇ ಎಂದು ಕೇಳಿದ್ದು ಎಂಟನೆಯದನ್ನು, 333333331. ಅದನ್ನು ಭಾಗಿಸಿ ನೋಡುವ ವ್ಯವಧಾನ ಅವನಿಗೆಲ್ಲಿ.

ಇವತ್ತು ಉತ್ತರಪತ್ರಿಕೆ ಹಂಚಿದ ಮೇಲೆ ಕೊನೆಯ ಬೆಂಚಿನ ಹುಡುಗಿ ನನ್ನ ಮೇಜಿನ ಹತ್ತಿರ ಬಂದಳು. "ಮಿಸ್, ಹದಿನೇಳರಿಂದ ಭಾಗಿಸಿದ್ರೆ ಏನೂ ಉಳಿಯಲ್ಲ. ಮತ್ಯಾಕೆ ತಪ್ಪು ಹಾಕಿದೀರಿ?"

ಭಾಗಿಸಿದೆ. 19607843. ಶೇಷ ಸೊನ್ನೆ.

ಅವನಿಗೆ ತೋರಿಸಿದರೆ ಕಣ್ಣೆತ್ತಿಯೂ ನೋಡಲಿಲ್ಲ. "ಏಳು ಸಲ ಸರಿ ಬಂದಿದ್ದು ಎಂಟನೇ ಸಲ ಎಲ್ಲಿಗೆ ಹೋಗುತ್ತೆ? ಕೀ ನೋಡಿ ಮಾರ್ಕ್ಸ್ ಹಾಕಿ, ಅಷ್ಟು ಸಾಕು" ಎಂದ. ಎಲ್ಲ ಬಲ್ಲವನ ಆ ನಗು ಬೇರೆ. ಹದಿನೇಳರ ಮಗ್ಗಿ ಬಾರದ ಮೂತಿ.

ಬೈದು ಬೈದು ಸುಸ್ತಾಯಿತು. ಬರೆಯಬಾರದೆಂದುಕೊಂಡಿದ್ದನ್ನು ಬರೆದೇಬಿಡುತ್ತೇನೆ. ಅವಳ ಭಾಗಾಕಾರ ಪೂರ್ತಿಯಾಗಿ ಹಾಳೆಯ ಅಂಚಿನಲ್ಲೇ ಇತ್ತು. ಕೀ ನೋಡಿ, ಅದರ ಮೇಲೆಯೇ ಕೆಂಪು ಗೀಟು ಎಳೆದವಳು ನಾನು.

ಅವನು ಆ ಹಾಳೆಯನ್ನು ಕಂಡೇ ಇರಲಿಲ್ಲ. ನಾನು ಕಂಡಿದ್ದೆ.