ಅರ್ಪಣಾಳ ಕುರ್ಚಿ

ಕೊಪ್ಪ
14 ಸೆಪ್ಟೆಂಬರ್ 2025, ಭಾನುವಾರ

ಪ್ರೀತಿಯ ಸರೋಜಕ್ಕನಿಗೆ,

ಮೊದಲು ಒಂದು ವಿಷಯ ಒಪ್ಪಿಕೊಂಡುಬಿಡುತ್ತೇನೆ. ನನಗೆ ಸೂಪರ್ ಹೀರೊ ಸಿನಿಮಾಗಳು ಸ್ವಲ್ಪವೂ ಹಿಡಿಸುವುದಿಲ್ಲ. ಕೊಪ್ಪ ಪೇಟೆಯಲ್ಲಿ ಕಾಮಿಕ್ಸ್ ಅಂಗಡಿ ಇಟ್ಟುಕೊಂಡು, ಗೋಡೆ ತುಂಬ ಹಾರುವವರ ಪೋಸ್ಟರ್ ಅಂಟಿಸಿಕೊಂಡು, ಇದನ್ನು ಯಾರಿಗೂ ಹೇಳಿರಲಿಲ್ಲ. ಶಿವಮೊಗ್ಗಕ್ಕೆ ಹೋಗಿ ಟಿಕೆಟ್ ತೆಗೆದು ಕೂತರೂ ಕಟ್ಟಡಗಳು ಬೀಳಲು ಶುರುವಾಗುವ ಹೊತ್ತಿಗೆ ನನಗೆ ನಿದ್ದೆ ಬಂದಿರುತ್ತದೆ.

ಇಷ್ಟು ದಿನ ನಿನ್ನ ಫೋನ್ ಎತ್ತದೇ ಇದ್ದದ್ದಕ್ಕೆ ಬೈಯಬೇಡ. ಎತ್ತಿದರೆ ಅರ್ಪಣಾಳಿಗೆ ಕೊಡು ಎನ್ನುತ್ತೀಯ. ಸುಳ್ಳು ಹೇಳಲು ನನಗೆ ಬರುವುದಿಲ್ಲ, ನಿಜ ಹೇಳಲು ಧೈರ್ಯ ಸಾಲಲಿಲ್ಲ. ಕಾಗದದಲ್ಲಾದರೆ ನೀನು ನಡುವೆ ಬಾಯಿ ಹಾಕುವಂತಿಲ್ಲ. ಅಕ್ಕಾ, ಆಷಾಢಕ್ಕೆಂದು ತವರಿಗೆ, ಸೀತೂರಿಗೆ ಹೋದವಳು ಇನ್ನೂ ಬಂದಿಲ್ಲ.

ಜಗಳವಾಡಿಲ್ಲ. ಶ್ರಾವಣಕ್ಕೆ ಬರುತ್ತಾಳೆ ಎಂದುಕೊಂಡೆ. ಬರಲಿಲ್ಲ. ಮದುವೆಯಾದ ಮೇಲಿನ ಮೊದಲ ಗೌರಿ ಹಬ್ಬ, ತವರಿನಲ್ಲೇ ಮುಗಿಸಿಕೊಂಡು ಬರಬಹುದು ಎಂದುಕೊಂಡೆ. ಅದೂ ಮುಗಿಯಿತು.

ವ್ಯಾಪಾರ ಬಿದ್ದುಹೋಗಿದೆ. ಅವಳಿದ್ದಾಗ ಶಾಲೆ ಬಿಟ್ಟ ಮಕ್ಕಳು ನೇರ ಇಲ್ಲಿಗೇ ಬರುತ್ತಿದ್ದರು. ಬಾಗಿಲ ಪಕ್ಕದ ಕುರ್ಚಿಯಲ್ಲಿ ಕೂತು ಒಂದು ಪುಸ್ತಕದ ಕಥೆ ಹೇಳುತ್ತಿದ್ದಳು. ಹೀರೊ ಸೇತುವೆಯ ಮೇಲಿಂದ ಜಾರಿದ ಜಾಗದಲ್ಲಿ ಪುಸ್ತಕ ಮುಚ್ಚಿ, "ಮುಂದಿಂದು ನಿಮ್ಮ ಅಪ್ಪಯ್ಯನ್ನ ಕೇಳಿ" ಎನ್ನುತ್ತಿದ್ದಳು. ಮರುದಿನ ಅಪ್ಪಂದಿರು ಗೊಣಗುತ್ತಾ ಬಂದು ಪುಸ್ತಕ ಒಯ್ಯುತ್ತಿದ್ದರು. ಹತ್ತನೇ ಕ್ಲಾಸನ್ನು ಅರ್ಧಕ್ಕೆ ಬಿಟ್ಟು, ಮೊಬೈಲ್ ಅಂಗಡಿ, ಟೆಂಪೊ ಎಂದು ಎಲ್ಲೂ ನಿಲ್ಲದ ನಾನು ಈ ಅಂಗಡಿಯಲ್ಲಿ ನಿಂತದ್ದೇ ಅವಳಿಂದ. ಈಗ ಮಕ್ಕಳು ಬಂದು ಅಕ್ಕ ಯಾವಾಗ ಬರುತ್ತಾರೆ ಎಂದು ಕೇಳುತ್ತಾರೆ. ಗೊತ್ತಿಲ್ಲ ಎನ್ನುತ್ತೇನೆ. ಗೊತ್ತಿಲ್ಲದ್ದನ್ನು ಬೇರೆ ಹೇಗೆ ಹೇಳುವುದು?

ಪೋಸ್ಟರುಗಳನ್ನು ನೋಡುತ್ತಾ ಒಂದು ಯೋಚನೆ ಬಂತು. ಈ ಹೀರೊಗಳನ್ನು ಯಾರೂ ಕರೆಯಬೇಕಾಗಿಲ್ಲ, ತಾವಾಗಿಯೇ ಹಾರಿ ಬರುತ್ತಾರೆ. ಲೋಕವನ್ನೆಲ್ಲ ಉಳಿಸುತ್ತಾರೆ, ಆದರೆ ಹೆಂಡತಿಯ ತವರಿಗೆ ಹೋಗಿ ಜಗಲಿಯಲ್ಲಿ ಕೂತು ಮಾವನಿಗೆ ಉತ್ತರ ಕೊಡುವ ಸೀನು ಒಂದರಲ್ಲೂ ಇಲ್ಲ. ಅದಕ್ಕೇ ನನಗೆ ನಿದ್ದೆ ಬರುತ್ತದೋ ಏನೋ.

ಮಾವ ಮಂಜಪ್ಪನವರು ಶ್ರಾವಣದಲ್ಲಿ ಫೋನ್ ಮಾಡಿ, ಕರೆದುಕೊಂಡು ಹೋಗಲು ಯಾವಾಗ ಬರುತ್ತೀರಿ ಎಂದು ಕೇಳಿದ್ದರು. ಅವಳ ಜೊತೆ ಬರಲು ಅಲ್ಲಿ ಯಾರೂ ಇಲ್ಲವೆಂದು ಕೇಳುತ್ತಿದ್ದಾರೆ ಎಂದು ನಾನು ತಿಳಿದೆ. "ನಾನ್ಯಾಕೆ ಮಾವ? ಅವಳಿಗೆ ಬರ್ಬೇಕು ಅನ್ಸಿದಾಗ ಬರ್ಲಿ. ಬಸ್ಸಿದೆಯಲ್ಲ" ಎಂದೆ. ಅವಳು ಸಾಮಾನಲ್ಲ, ಅವಳಿಷ್ಟ ಅವಳದು ಎಂಬುದು ನನ್ನ ಲೆಕ್ಕ. ಅವರು ಆಯ್ತು ಎಂದು ಫೋನ್ ಇಟ್ಟರು.

ನಿನ್ನೆ ಹಿರೇಕೊಡಿಗೆಯ ವಾಸಪ್ಪಣ್ಣ ಮೊಮ್ಮಗಳಿಗೆ ಮುಖವಾಡ ಕೊಳ್ಳಲು ಬಂದಿದ್ದರು. ಅರ್ಪಣಾ ಎಲ್ಲಿ ಎಂದರು. ನಡೆದದ್ದೆಲ್ಲ ಹೇಳಿದೆ. ಮುಖವಾಡ ಕೆಳಗಿಟ್ಟು ನನ್ನನ್ನೇ ನೋಡಿದರು.

"ಎಂತ ಮಾರಾಯ, ಗಂಡನ ಮನೆಯವ್ರು ಹೋಗಿ ಕರೀದೆ ಅವಳು ಹ್ಯಾಂಗೆ ಬರ್ತಾಳೆ? ತಾನಾಗೇ ಚೀಲ ಹಿಡ್ಕೊಂಡು ಬಂದ್ರೆ, ತವರಿಗೆ ಭಾರ ಆದ್ಲು ಅಂತ ಊರು ಆಡಲ್ವಾ? ನೀನು ಬಸ್ಸಿದೆ ಅಂದ್ಯಲ್ಲ, ಅಲ್ಲಿ ಅದು ಅವಳು ಬೇಡ ಅಂದ ಹಾಗೇ ಲೆಕ್ಕ."

ಅಮ್ಮ ಇದ್ದಿದ್ದರೆ ಹೇಳುತ್ತಿದ್ದಳು. ನಾನು ಫೋನ್ ಎತ್ತಿದ್ದರೆ ನೀನೂ ಹೇಳುತ್ತಿದ್ದೆ.

ಈಗ ತಲೆ ಪೂರ್ತಿ ಗೊಂದಲ. ಅವಳು ಕರೆಗೆ ಕಾಯುತ್ತಿದ್ದಾಳೋ, ಅಥವಾ ಬಾರದಿರಲು ಅದೊಂದು ನೆಪವೋ? ನಾನು ಹೋಗಿ ಜಗಲಿಯಲ್ಲಿ ಕೂತರೆ, ಅವಳು ಮನಸ್ಸಿಲ್ಲದಿದ್ದರೂ ಹಿರಿಯರ ಮುಖ ನೋಡಿ ಹೊರಟುಬಿಟ್ಟರೆ? ಹಾಗೆ ಬಂದವಳು ಆ ಕುರ್ಚಿಯಲ್ಲಿ ಕೂತು ಕಥೆ ಹೇಳುತ್ತಾಳೆಯೇ? ನಿನ್ನ ಅಕ್ಕನನ್ನು ಮುಂದಿಟ್ಟುಕೊಂಡು ಹೋಗು ಎಂದರು ವಾಸಪ್ಪಣ್ಣ. ಹೂವು, ಸಿಹಿ ಹಿಡಿದು ಹೆಂಗಸೊಬ್ಬಳು ಹೋದರೇ ಮರ್ಯಾದೆಯಂತೆ. ನಿನಗೆ ಬರಲು ಆಗುತ್ತದೆಯೇ? ಉತ್ತರ ಬರೆ. ಅಲ್ಲಿಯವರೆಗೆ ಕಾಯುತ್ತೇನೆ.

ಭಾವನಿಗೆ ನಮಸ್ಕಾರ ಹೇಳು. ದಿವ್ಯ ಪುಟ್ಟಿಗೆ ಒಂದು ಮುಖವಾಡ ಎತ್ತಿಟ್ಟಿದ್ದೇನೆ. ದೇವರು ಅವಳಿಗೆ ಈ ಸೋದರಮಾವನ ಬುದ್ಧಿ ಕೊಡದಿರಲಿ.

ನಿನ್ನ ತಮ್ಮ,
ಯಶವಂತ

ಮರೆತ ಮಾತು: ಮರೆತದ್ದಲ್ಲ, ಬರೆಯಲು ಆಗಿರಲಿಲ್ಲ. ಗೌರಿ ಹಬ್ಬದ ದಿನ ಅವಳೇ ಫೋನ್ ಮಾಡಿದ್ದಳು. ಊಟವಾಯಿತೇ ಎಂದು ಕೇಳಿ, ಆಮೇಲೆ, "ಅಂಗಡೀಲಿ ನನ್ನ ಕುರ್ಚಿ ಇದ್ಯಾ?" ಎಂದಳು. "ತೆಗೆದು ಒಳಗೆ ಹಾಕಿದೀನಿ, ಬೊಂಬೆ ಪೆಟ್ಟಿಗೆ ಇಡೋಕೆ ಜಾಗ ಬೇಕಿತ್ತು" ಎಂದೆ. ಅವಳು ಫೋನ್ ಇಟ್ಟಳು. ಪೆಟ್ಟಿಗೆ ಇಟ್ಟದ್ದು ನಿಜ. ಆದರೆ ಕುರ್ಚಿ ತೆಗೆದದ್ದು ಅದಕ್ಕಲ್ಲ. ಅದು ಖಾಲಿ ಇರುವುದನ್ನು ದಿನವೂ ನೋಡಿಕೊಂಡು ಅಂಗಡಿಯಲ್ಲಿ ಕೂರಲು ನನ್ನಿಂದ ಆಗುತ್ತಿರಲಿಲ್ಲ. ಅಷ್ಟನ್ನು ಅವಳಿಗೆ ಹೇಳಲಿಲ್ಲ. ಈಗ ಕುರ್ಚಿ ಹೊರಗೆ ತಂದು ಒರೆಸಿ ಬಾಗಿಲ ಪಕ್ಕದಲ್ಲೇ ಇಟ್ಟೆ. ನಿನ್ನ ಉತ್ತರಕ್ಕೆ ಕಾಯಲು ಆಗುವುದಿಲ್ಲ ಅಕ್ಕಾ. ನಾಳೆ ಬೆಳಿಗ್ಗೆ ಸೀತೂರಿಗೆ ಹೊರಡುತ್ತೇನೆ.